ಕುಪ್ಪಿ, ಸೀಸೆ: ಒಂದು ಪದವಿಚಾರ

ಔಷಧಿ ತುಂಬಿಡುವ ಚಿಕ್ಕ ಗಾಜಿನ ಪಾತ್ರೆಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಸೀಸೆ, ಕುಪ್ಪಿ, ಬುಡ್ಡಿ, ಬಾಟಲಿ ಎಂಬ ನಾಲ್ಕಾದರೂ ಒಡನೆಯೇ ನೆನಪಾಗುತ್ತವೆ. ಬುಡ್ಡಿಯು ಬಹುಮಟ್ಟಿಗೆ ಶಾಯಿಗೂ ದೀಪಕ್ಕೂ ಸಂದಿತು. ಬಾಟಲಿಗೆ ಗಾತ್ರದ ಗೊಡವೆಯಿಲ್ಲ. ಮುಂಬಯಿಯಲ್ಲಂತೂ ಅದು ‘ಬಾಟಲಿವಾಲಾ’ ಎಂಬ ಪಾರಸಿ ಅಡ್ಡಹೆಸರಿಗೂ ಏರಿದೆ. ವಿಚಾರಾರ್ಹವಾದವು ಉಳಿದೆರಡು.

‘ಸೀಸೆ’ಯ ಮೂಲ ಪಾರಸಿಯ ‘ಶೀಶಾ’. ಸೀಸವೆಂಬ ಲೋಹಕ್ಕೂ ಇದಕ್ಕೂ ಸಂಬಂಧವಿಲ್ಲ. ಹಿಂದಿಯಲ್ಲಿ ಶೀಶಾ ಎಂದರೆ ಗಾಜು, ಕನ್ನಡಿ. ಶೀಶೀ ಎಂದರೆ ಸಣ್ಣ ಪಾತ್ರೆ. ವಸ್ತುವಿನ ಹೆಸರೇ ಪಾತ್ರೆಗೆ ಬಂದಿತು. ಕನ್ನಡವು ಪಾತ್ರೆಯ ಅರ್ಥವನ್ನಷ್ಟೇ ಸ್ವೀಕರಿಸಿತು. ಮಲಯಾಳದಲ್ಲಿ ನಡೆದುದು ಇದಕ್ಕೆ ತೀರ ವಿಲೋಮ. ಅಲ್ಲಿ ‘ಕುಪ್ಪಿ’ ಎಂದರೆ ಸೀಸೆ. ಆದರೆ ‘ಕುಪ್ಪಿವಳ’ ಎಂದರೆ ಗಾಜಿನ ಬಳೆ. ಪಾತ್ರೆಯ ಹೆಸರೇ ವಸ್ತುವಿಗೆ ಅಂಟಿಕೊಂಡಿದೆ.

ತಮಿಳಿನಲ್ಲಿಯೂ ಕರಾವಳಿಯ ಕನ್ನಡದಲ್ಲಿಯೂ ಕುಪ್ಪಿ ಬಳಕೆಯ ಮಾತು. ಸಂಸ್ಕೃತದ ‘ಕೂಪೀ’ ಇದಕ್ಕೆ ಹತ್ತಿರದ ರೂಪ. ಆಯುರ್ವೇದದ ರಸಶಾಸ್ತ್ರದಲ್ಲಿ ‘ಕೂಪೀಪಕ್ವ’ವೆಂಬ ಔಷಧವರ್ಗವೇ ಇದೆ, ಮಕರಧ್ವಜ, ರಸಸಿಂದೂರಗಳು ಅದಕ್ಕೆ ಸೇರಿದವು. ಗಾಜಿನ ಕುಪ್ಪಿಗೆ ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿ, ಒಣಗಿಸಿ, ಮರಳು ತುಂಬಿದ ವಾಲುಕಾಯಂತ್ರದಲ್ಲಿಟ್ಟು ಕ್ರಮಕ್ರಮವಾಗಿ ಉರಿಯನ್ನು ಏರಿಸುತ್ತಾರೆ. ಆರಿದ ಮೇಲೆ ಕುಪ್ಪಿಯನ್ನು ಒಡೆದು, ಕೊರಳಿಗೆ ಹತ್ತಿದ ಔಷಧವನ್ನು ತೆಗೆಯುತ್ತಾರೆ. ಇಲ್ಲಿ ಕುಪ್ಪಿ ಬರಿಯ ಸಂಗ್ರಹದ ಪಾತ್ರೆಯಲ್ಲ, ಪಾಕದ ಸಾಧನ.

ಮುಂಬಯಿ, ಪುಣೆಗಳ ಕನ್ನಡಿಗರು ದಿನವೂ ಕೇಳುವ ಮರಾಠಿಯ ‘ಕುಪೀ’ ಅತ್ತರಿಗೂ ಲಸಿಕೆಗೂ ಸಲ್ಲುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಅಲ್ಲಿನ ಪತ್ರಿಕೆಗಳು ಅದೇ ಮಾತನ್ನು ಧಾರಾಳವಾಗಿ ಬಳಸಿದವು. ಕನ್ನಡದಲ್ಲಿ ವಯಲ್, ಬಾಟಲಿ, ಸೀಸೆಗಳು ಬೆರೆತು ನಡೆದವು. ಇದು ಕೇವಲ ರುಚಿಯ ಪ್ರಶ್ನೆಯಲ್ಲ. 5 ಮಿಲಿಲೀಟರಿನ ಒಂದು ಕೋವಿಶೀಲ್ಡ್ ಕುಪ್ಪಿಯಲ್ಲಿ 0.5 ಮಿಲಿಲೀಟರಿನಂತೆ ಹತ್ತು ಜನರ ಪಾಲಿರುತ್ತಿತ್ತು. ‘ಒಂದು ಬಾಟಲಿ ಲಸಿಕೆ’ ಎಂದರೆ ಒಬ್ಬರದೋ ಹತ್ತು ಜನರದೋ ತಿಳಿಯದು. ರಬ್ಬರ್ ಬಿರಡೆಯ ಕುಪ್ಪಿಗೆ ಸೂಜಿಯನ್ನು ಹಲವು ಸಲ ಇಳಿಸುವುದುಂಟು. ಕೊರಳು ಮುರಿದು ತೆರೆಯುವ ಆಂಪ್ಯೂಲಿನಲ್ಲಿ ಮಿಕ್ಕ ಮದ್ದನ್ನು ಮತ್ತೊಮ್ಮೆಗೆ ಇಡುವಂತಿಲ್ಲ. ಎರಡನ್ನೂ ಸೀಸೆಯೆಂದು ಕರೆದರೆ ಶುಶ್ರೂಷೆ ಮಾಡುವವರಿಗೆ ಬರೆದ ಸೂಚನೆಯೇ ಅಪಾಯವನ್ನು ತಂದೀತು.

ನನ್ನ ಮತದಲ್ಲಿ ಬಿರಡೆಯುಳ್ಳದ್ದಕ್ಕೆ ‘ಕುಪ್ಪಿ’ ಎಂಬುದನ್ನು ನಿಶ್ಚಯಿಸಿ, ಆಂಪ್ಯೂಲನ್ನು ಆಂಪ್ಯೂಲ್ ಎಂದೇ ಬಿಡಬಹುದು. ಕುಡಿಯುವ ಮದ್ದಿಗೆ ಸೀಸೆ ಇದ್ದೇ ಇದೆ.