ಮೈಸೂರಿನ ಹಳೆಯ ಅಂಗಡಿ ನಾಮಫಲಕಗಳು

ಮೈಸೂರಿನ ಹಳೆಯ ಅಂಗಡಿ ನಾಮಫಲಕಗಳು ಎಂದರೆ, ಫ್ಲೆಕ್ಸ್ ಹಾಗೂ ಎಲ್‌ಇಡಿ ಫಲಕಗಳು ಬರುವ ಮೊದಲು ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ, ಅಶೋಕ ರಸ್ತೆ ಮೊದಲಾದ ಪೇಟೆಬೀದಿಗಳಲ್ಲಿ ಬಳಕೆಯಲ್ಲಿದ್ದ, ಕೈಕೆಲಸದಿಂದ ಸಿದ್ಧಗೊಂಡ ಫಲಕಗಳು. ತಗಡಿನ ಅಥವಾ ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದವುಗಳೇ ಇವುಗಳಲ್ಲಿ ಹೆಚ್ಚು. ನಿಯಾನ್ ಫಲಕಗಳು ದುಬಾರಿಯಾದುದರಿಂದ ಅವುಗಳ ಸಂಖ್ಯೆ ಕಡಿಮೆ.

ನಿಯಾನ್ ಫಲಕದ ರಚನೆ

ನಿಯಾನ್ ಒಂದು ಜಡಾನಿಲ. 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮೋರಿಸ್ ಟ್ರಾವರ್ಸ್ ಇದನ್ನು ಕಂಡುಹಿಡಿದರು. 1910ರಲ್ಲಿ ಫ್ರಾನ್ಸಿನ ಜಾರ್ಜ್ ಕ್ಲೋಡ್ ಪ್ಯಾರಿಸಿನಲ್ಲಿ ನಿಯಾನ್ ದೀಪವನ್ನು ಪ್ರದರ್ಶಿಸಿದನು. ಗಾಜಿನ ಕೊಳವೆಯೊಳಗಿನ ಗಾಳಿಯನ್ನು ತೆಗೆದು, ಕಡಿಮೆ ಒತ್ತಡದಲ್ಲಿ ಅನಿಲವನ್ನು ತುಂಬಿ, ಟ್ರಾನ್ಸ್‌ಫಾರ್ಮರ್ ಮೂಲಕ ಸಾವಿರಾರು ವೋಲ್ಟ್‌ಗಳ ವಿದ್ಯುತ್ತನ್ನು ಹರಿಸಿದರೆ ಕೊಳವೆ ಬೆಳಗುತ್ತದೆ. ಶುದ್ಧ ನಿಯಾನ್ ಕೊಡುವುದು ಕೆಂಪು ಮಿಶ್ರಿತ ಕಿತ್ತಳೆ ಬಣ್ಣವನ್ನು ಮಾತ್ರ. ನೀಲಿಗೆ ಆರ್ಗಾನ್ ಮತ್ತು ಪಾದರಸ ಬೇಕು. ಉಳಿದ ಬಣ್ಣಗಳು ಕೊಳವೆಯ ಒಳಲೇಪದಿಂದ ಅಥವಾ ಬಣ್ಣದ ಗಾಜಿನಿಂದ ಬರುತ್ತವೆ.

ಅಕ್ಷರಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುವುದಿಲ್ಲ. ಕುಶಲಕರ್ಮಿಯು ಕೊಳವೆಯನ್ನು ಉರಿಯ ಮೇಲೆ ಕಾಯಿಸಿ, ಮೆತ್ತಗಾದಾಗ ನಕ್ಷೆಗೆ ತಕ್ಕಂತೆ ಬಾಗಿಸುತ್ತಾನೆ. ಒಂದೇ ಕೊಳವೆ ಹಲವು ಅಕ್ಷರಗಳನ್ನು ಹಾದುಹೋಗುವುದರಿಂದ, ನಡುವಿನ ಭಾಗ ಕಾಣದಂತೆ ಕಪ್ಪು ಬಣ್ಣ ಬಳಿಯಲಾಗುತ್ತದೆ. ಕನ್ನಡ ಲಿಪಿಯ ದುಂಡುತನ ಈ ಬಾಗಿಸುವಿಕೆಗೆ ಒಗ್ಗುವಂಥದೇ. ಆದರೆ ಒತ್ತಕ್ಷರಗಳು ಅಕ್ಷರದಿಂದ ಬೇರೆಯಾಗಿ ನಿಲ್ಲುವುದರಿಂದ ಅವುಗಳಿಗೆ ಪ್ರತ್ಯೇಕ ತುಂಡು, ಇಲ್ಲವೇ ಮತ್ತಷ್ಟು ಕಪ್ಪು ಬಣ್ಣ ಬೇಕಾಗುತ್ತದೆ. ‘ಲಕ್ಷ್ಮಿ’ ಎಂಬ ಪದವನ್ನು ಗಾಜಿನಲ್ಲಿ ಬರೆಯುವ ಕಷ್ಟವನ್ನು ಓದುಗರೇ ಊಹಿಸಬಹುದು.

ಮೈಸೂರು ಅರಮನೆಯ ದೀಪಾಲಂಕಾರಕ್ಕೂ ನಿಯಾನ್‌ಗೂ ಸಂಬಂಧವಿಲ್ಲ. ಅರಮನೆಯನ್ನು ಬೆಳಗುತ್ತಾ ಬಂದಿರುವವು ಒಂದು ಲಕ್ಷದಷ್ಟು ಸಾಮಾನ್ಯ ಬಲ್ಬುಗಳು. ಅಲ್ಲಿ ಒಂದು ಬಲ್ಬು ಕೆಟ್ಟರೆ ಇನ್ನೊಂದನ್ನು ಹಾಕಿದರಾಯಿತು. ನಿಯಾನ್ ಅಕ್ಷರವೊಂದು ಒಡೆದರೆ, ಅದನ್ನು ಮತ್ತೆ ಬಾಗಿಸಿ ಅನಿಲ ತುಂಬಬಲ್ಲ ಕೈಯೇ ಬೇಕು. ಆ ಕಸುಬುದಾರರು ಸಿಗದಾದಾಗ, ಒಂದು ಅಕ್ಷರ ಕೆಟ್ಟ ಫಲಕವನ್ನು ಪೂರ್ತಿಯಾಗಿ ಇಳಿಸುವುದೇ ಸುಲಭವೆನಿಸುತ್ತದೆ.

ಕಣ್ಮರೆ

ಎಲ್‌ಇಡಿ ದೀಪಗಳ ಕಡಿಮೆ ಬೆಲೆ ಮತ್ತು ವಿದ್ಯುತ್ ಉಳಿತಾಯ ಎಲ್ಲ ಊರುಗಳಿಗೂ ಸಮಾನವಾದ ಕಾರಣಗಳು. ಇಂದು ‘ನಿಯಾನ್’ ಎಂದು ಮಾರಾಟವಾಗುವ ಅಲಂಕಾರ ದೀಪಗಳು ಸಾಮಾನ್ಯವಾಗಿ ಬಾಗುವ ಕವಚದೊಳಗಿನ ಎಲ್‌ಇಡಿ ಪಟ್ಟಿಗಳು. ಅವುಗಳಲ್ಲಿ ನಿಯಾನ್ ಅನಿಲವೇ ಇಲ್ಲ.

ಮೈಸೂರಿನಲ್ಲಿ ಕಟ್ಟಡಗಳ ಅಳಿವೂ ಇದಕ್ಕೆ ಸೇರಿಕೊಂಡಿತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವೊಂದು ಕುಸಿದು ನಾಲ್ವರು ಮೃತಪಟ್ಟರು. ಅಲ್ಲಿನ ಹಳೆಯ ಪುಸ್ತಕದಂಗಡಿಗಳೂ ಇತರ ಮಳಿಗೆಗಳೂ ಮುಚ್ಚಿದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. 2020ರಲ್ಲಿ ಶಾಂತಲಾ ಮತ್ತು ಲಕ್ಷ್ಮಿ ಚಿತ್ರಮಂದಿರಗಳು ಪ್ರದರ್ಶನ ನಿಲ್ಲಿಸಿದವು. ಕುಸಿದ ಕಟ್ಟಡಗಳನ್ನು ದುರಸ್ತಿ ಮಾಡಬೇಕೋ ಕೆಡವಿ ಕಟ್ಟಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ಆ ಚರ್ಚೆಯಲ್ಲಿ ಕಮಾನು, ಗೋಡೆ, ಗಾರೆಗಳಿಗೆ ದೊರೆತ ಸ್ಥಾನ ನಾಮಫಲಕಗಳಿಗೆ ದೊರೆಯಲಿಲ್ಲ. ಫಲಕವು ಬಾಡಿಗೆದಾರನ ಸರಕಾದುದರಿಂದ ಅವನೊಡನೆಯೇ ಹೊರಟುಹೋಗುತ್ತದೆ.

ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯಿದೆ ಸ್ವಾಗತಾರ್ಹವೇ. ಆದರೆ ಅದು ಫಲಕದ ಭಾಷೆಯನ್ನು ಕುರಿತದ್ದು. ಫಲಕದ ವಯಸ್ಸಾಗಲಿ ಕುಶಲತೆಯಾಗಲಿ ಅದರ ವ್ಯಾಪ್ತಿಗೆ ಬಾರದು.

ದಾಖಲೆಯಾಗಿ ಫಲಕ

ಹಳೆಯ ಫಲಕದಿಂದ ಅಂಗಡಿಯ ಕಾಲವನ್ನು ಅಂದಾಜು ಮಾಡಬಹುದು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ‘ಮೈಸೋರ್’ ಎಂದಿದ್ದರೆ ಫಲಕ ಬಹುಶಃ ಅದಕ್ಕಿಂತ ಹಿಂದಿನದು. ದೂರವಾಣಿ ಸಂಖ್ಯೆಯಲ್ಲಿ ಏಳಕ್ಕಿಂತ ಕಡಿಮೆ ಅಂಕಿಗಳಿದ್ದರೆ ಇನ್ನೂ ಹಳೆಯದು. ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಗಾರನ ಹೆಸರಿರುವುದೂ ಉಂಟು.