ಸಂಚಾರಿ ಉಪಾಹಾರ ಬಂಡಿ: ಪರವಾನಗಿ ಯಾರಿಂದ, ನಿಲುಗಡೆ ಎಲ್ಲಿ?

ಸಂಜೆಯಾಗುತ್ತಲೇ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಪಟ್ಟಣಗಳ ಬೀದಿಗಳಲ್ಲಿ ಎಣ್ಣೆಯ ಬಾಣಲೆಗಳು ಕಾಯತೊಡಗುತ್ತವೆ. ಮಿರ್ಚಿ ಬಜ್ಜಿ, ಮಂಡಾಳು ಒಗ್ಗರಣೆ, ಇಡ್ಲಿ, ದೋಸೆಗಳ ಈ ಬಂಡಿಗಳನ್ನು ನಡೆಸುವವರಲ್ಲಿ ಕೃಷ್ಣಾ ಮತ್ತು ಮಾಗನೂರು ಮಂಡಲಗಳ ಕನ್ನಡ ಕುಟುಂಬಗಳೂ ಇವೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಕೆಲವು ಮಕ್ಕಳ ಪುಸ್ತಕ, ಬಟ್ಟೆಗಳ ಖರ್ಚು ನಡೆಯುವುದು ಈ ಬಾಣಲೆಯ ದುಡಿಮೆಯಿಂದಲೇ.

ಇತ್ತೀಚೆಗೆ ಅಂಥದೊಂದು ಮಗುವಿನ ತಂದೆ ನಮ್ಮ ಬಳಿಗೆ ಬಂದರು. ಅವರ ಕೈಯಲ್ಲಿ ತೆಲುಗಿನ ಒಂದು ನೋಟಿಸು ಮತ್ತು ದಾರದಿಂದ ಕಟ್ಟಿದ ತೈಬಜಾರಿ ರಸೀದಿಗಳ ಕಟ್ಟು ಇದ್ದವು. ವರ್ಷಗಟ್ಟಲೆ ತಳ್ಳುಗಾಡಿ ನಡೆಸಿದ ಅವರು ಸಾಲ ಮಾಡಿ, ರಾಯಚೂರಿನಲ್ಲಿ ನೋಂದಣಿಯಾದ ಹಳೆಯ ಸಣ್ಣ ಸರಕು ವಾಹನವೊಂದನ್ನು ಕೊಂಡು, ಅದರಲ್ಲಿಯೇ ಒಲೆ ಕೂಡಿಸಿ ಉಪಾಹಾರದ ಬಂಡಿಯನ್ನಾಗಿ ಮಾಡಿಕೊಂಡಿದ್ದರು. ನೋಟಿಸನ್ನು ಓದಲಾಗದೆ ಕೆಲವು ದಿನ ಖಾರದ ಡಬ್ಬಿಯ ಕೆಳಗೆ ಇಟ್ಟಿದ್ದರು. ನಾವು ಓದಿಸಿ ನೋಡುವಷ್ಟರಲ್ಲಿ ತೆರವಿಗೆ ಮೂರೇ ದಿನ ಉಳಿದಿದ್ದವು. "ದಿನಾ ರೊಕ್ಕ ಕಟ್ಟೀನ್ರಿ ಸರ್, ಇದು ಲೈಸೆನ್ಸ್ ಅಲ್ಲೇನ್ರಿ?" ಎಂದು ಅವರು ರಸೀದಿಗಳನ್ನು ಮುಂದೆ ಚಾಚಿದರು.

ಅದು ಪರವಾನಗಿಯಲ್ಲ. ಇದನ್ನು ಹೇಳುವುದು ನಮಗೆ ಸುಲಭವಾಗಲಿಲ್ಲ. ಅವರಂತೆಯೇ ನಂಬಿಕೊಂಡಿರುವವರು ಇನ್ನೂ ಇರುವುದರಿಂದ ಈ ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಅಗತ್ಯವೆಂದು ಭಾವಿಸಿದ್ದೇವೆ.

ಮೂರು ಕಾಗದ, ಮೂರು ಕಚೇರಿ

ಉಪಾಹಾರದ ವಾಹನವನ್ನು ನಡೆಸುವವರು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಬೀದಿಯಲ್ಲಿ ಮಾರುವ ಹಕ್ಕಿದೆಯೇ? ಮಾರುವ ಆಹಾರ ನೋಂದಣಿಯಾಗಿದೆಯೇ? ವಾಹನ ಕ್ರಮಬದ್ಧವಾಗಿದೆಯೇ? ಮೊದಲನೆಯದಕ್ಕೆ ಪುರಸಭೆ, ಎರಡನೆಯದಕ್ಕೆ ಆಹಾರ ಸುರಕ್ಷತಾ ಇಲಾಖೆ, ಮೂರನೆಯದಕ್ಕೆ ಸಾರಿಗೆ ಇಲಾಖೆ ಉತ್ತರ ನೀಡುತ್ತವೆ. ಈ ಮೂರೂ ಕೈಯಲ್ಲಿದ್ದ ಮಾತ್ರಕ್ಕೆ ಬೇಕಾದಲ್ಲಿ ವಾಹನ ನಿಲ್ಲಿಸುವ ಅಧಿಕಾರವೂ ಬರುವುದಿಲ್ಲ. ನಿಲುಗಡೆಯದು ನಾಲ್ಕನೆಯ ಪ್ರಶ್ನೆ. ಹೆಚ್ಚಿನ ತಂಟೆಗಳು ಹುಟ್ಟುವುದು ಅಲ್ಲಿಯೇ.

ಬೀದಿ ವ್ಯಾಪಾರದ ಪ್ರಮಾಣಪತ್ರ

ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅಧಿನಿಯಮವು 2014ರ ಮೇ 1ರಿಂದ ಜಾರಿಯಲ್ಲಿದೆ. ತೆಲಂಗಾಣ ರಾಜ್ಯ ಉದಯಿಸಿದ್ದು ಅದರ ಮರುತಿಂಗಳು, ಜೂನ್ 2ರಂದು. ಈ ಕಾನೂನಿನಂತೆ ಪ್ರತಿ ಪಟ್ಟಣದಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಾಗದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿದ್ದು, ತಮ್ಮವರಿಂದಲೇ ಚುನಾಯಿತರಾಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಈ ಸಮಿತಿಯು ಐದು ವರ್ಷಗಳಿಗೆ ಒಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಸಬೇಕು. ಸಮೀಕ್ಷೆಯಲ್ಲಿ ಗುರುತಿಸಲ್ಪಟ್ಟವರಿಗೆ ವ್ಯಾಪಾರ ಪ್ರಮಾಣಪತ್ರ ದೊರೆಯುತ್ತದೆ. ಒಂದು ಪಟ್ಟಣ ಅಥವಾ ವಾರ್ಡಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಸ್ಥಳಾವಕಾಶ ಕಲ್ಪಿಸಬೇಕೆಂಬ ಮಿತಿಯೂ ಅದರಲ್ಲಿದೆ. ಎರಡು ಸಮೀಕ್ಷೆಗಳ ನಡುವೆ ಹೊಸದಾಗಿ ವ್ಯಾಪಾರಕ್ಕಿಳಿಯುವವರು ಸಮಿತಿಗೆ ಅರ್ಜಿ ಸಲ್ಲಿಸಬಹುದು.

ಪ್ರಮಾಣಪತ್ರದಲ್ಲಿ ಮೂರು ವರ್ಗಗಳಿವೆ: ಒಂದೆಡೆ ನಿಂತು ಮಾರುವವರು, ಸಂಚರಿಸುತ್ತ ಮಾರುವವರು ಮತ್ತು ಇತರರು. ವಾಹನಕ್ಕೆ ಗಾಲಿಗಳಿವೆಯೆಂದ ಮಾತ್ರಕ್ಕೆ ಅದರ ಒಡೆಯರು ಸಂಚಾರಿ ವ್ಯಾಪಾರಿಯಾಗುವುದಿಲ್ಲ. ದಿನವೂ ಒಂದೇ ಮೂಲೆಯಲ್ಲಿ ಐದಾರು ಗಂಟೆ ನಿಲ್ಲುವವರು ತಾವು ನಿಲ್ಲುವ ಸ್ಥಳವನ್ನೇ ನಮೂದಿಸಿ ಕೇಳುವುದು ಲೇಸು. ಮೋಟಾರು ವಾಹನದಿಂದ ಮಾರುವುದಾದರೆ ಆ ಸಂಗತಿಯನ್ನು ಅರ್ಜಿಯಲ್ಲಿ ಮರೆಮಾಚದೆ ಬರೆಯಬೇಕು. ತಳ್ಳುಗಾಡಿಯ ಹೆಸರಿನಲ್ಲಿ ಪಡೆದ ಪತ್ರವನ್ನು ವಾಹನಕ್ಕೆ ತೋರಿಸಿದರೆ ಮೊದಲ ತಪಾಸಣೆಯಲ್ಲಿಯೇ ತೊಡಕು ಎದುರಾದೀತು. ವ್ಯಾಪಾರವನ್ನು ತಾನು ಅಥವಾ ತನ್ನ ಕುಟುಂಬದವರೇ ನಡೆಸುವುದಾಗಿಯೂ, ಬೇರೆ ಜೀವನೋಪಾಯ ಇಲ್ಲವೆಂದೂ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ.

ಗಡಿಭಾಗದವರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ಕಾನೂನು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕೃಷ್ಣಾ ಮಂಡಲದ ಹಳ್ಳಿಯಲ್ಲಿ ವಾಸಿಸಿ ಮಕ್ತಲ್ ಪಟ್ಟಣದಲ್ಲಿ ಬಂಡಿ ನಿಲ್ಲಿಸುವವರು ಸಮೀಕ್ಷೆಯಲ್ಲಿ ಸೇರಬೇಕಾದದ್ದು ಮಕ್ತಲಿನಲ್ಲಿ. ಸಮೀಕ್ಷೆ ನೋಡುವುದು ಮಾರುವ ಜಾಗವನ್ನು. ಸಮೀಕ್ಷೆಯವರು ಬಂದ ದಿನ "ನಾವು ಈ ಊರಿನವರಲ್ಲ" ಎಂದು ಹಿಂದೆ ಸರಿದರೆ ಮುಂದಿನ ಐದು ವರ್ಷಗಳ ರಕ್ಷಣೆಯನ್ನು ನಾವೇ ಬಿಟ್ಟುಕೊಟ್ಟಂತೆ. ಹಳ್ಳಿಯಲ್ಲಿಯೇ ಬಂಡಿ ಹಾಕುವವರು ಗ್ರಾಮ ಪಂಚಾಯಿತಿಯನ್ನು ವಿಚಾರಿಸಬೇಕು.

ಹಾಗಾದರೆ ತೈಬಜಾರಿ ರಸೀದಿ ಏನು? ಅದು ಆ ದಿನದ ಶುಲ್ಕ ಸಂದಾಯವಾದುದಕ್ಕೆ ಗುರುತು. ಹಕ್ಕನ್ನು ಕೊಡದಿದ್ದರೂ ಅದು ನಿರುಪಯುಕ್ತವಲ್ಲ. ಇಂಥ ದಿನಾಂಕದಂದು ನಾವು ಇಲ್ಲಿ ವ್ಯಾಪಾರ ಮಾಡುತ್ತಿದ್ದೆವು ಎಂಬುದನ್ನು ಸಮಿತಿಯ ಮುಂದೆ ಹೇಳಲು ಅದು ಆಧಾರವಾಗುತ್ತದೆ. ಆದ್ದರಿಂದ ರಸೀದಿಗಳನ್ನು ಎಸೆಯದೆ ಕಾಪಾಡಿಕೊಳ್ಳಬೇಕು.

ಆಹಾರದ ನೋಂದಣಿ ಮತ್ತು ಗ್ಯಾಸ್

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಬೀದಿಬದಿಯ ಬಂಡಿಗೂ ಅನ್ವಯಿಸುತ್ತದೆ. 2011ರ ನಿಯಮಾವಳಿಯು ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಮಾಡುವವರನ್ನು ಸಣ್ಣ ಆಹಾರ ವ್ಯಾಪಾರಿಗಳೆಂದು ಕರೆದು, ಅವರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿಯನ್ನು ವಿಧಿಸಿತು. ಅದರ ಶುಲ್ಕವನ್ನು ವರ್ಷಕ್ಕೆ 100 ರೂಪಾಯಿಯೆಂದು ಗೊತ್ತುಮಾಡಿತು. ಅರ್ಜಿ ಸಲ್ಲಿಸಬೇಕಾದದ್ದು 'ಫಾಸ್ಕಾಸ್' ಎಂಬ ಸರ್ಕಾರಿ ಜಾಲತಾಣದಲ್ಲಿ. ಭಾವಚಿತ್ರ ಮತ್ತು ಗುರುತಿನ ಪತ್ರ ಮುಖ್ಯವಾಗಿ ಬೇಕು. ಶುಲ್ಕದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹಣ ಕಟ್ಟುವ ಮುನ್ನ ಅದೇ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ಮಧ್ಯವರ್ತಿಗೆ ಸಾವಿರಾರು ರೂಪಾಯಿ ತೆರುವ ಅಗತ್ಯವಿಲ್ಲ. ದೊರೆತ 14 ಅಂಕೆಗಳ ನೋಂದಣಿ ಸಂಖ್ಯೆಯನ್ನು ಬಂಡಿಯ ಮೇಲೆ ಕಾಣುವಂತೆ ಹಾಕಬೇಕು.

ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರಕ್ಕೆಂದೇ 19 ಕಿಲೋ ಸಿಲಿಂಡರ್ ಇದೆ. ಸಣ್ಣ ಬಂಡಿಗೆ 5 ಕಿಲೋ ಸಿಲಿಂಡರೂ ದೊರೆಯುತ್ತದೆ. ವಾಹನದೊಳಗೆ ಒಲೆ ಉರಿಯುವಾಗ ಇದು ಬರಿಯ ದಂಡದ ಮಾತಲ್ಲ, ಒಳಗೆ ನಿಂತಿರುವ ಹೆಂಡತಿ ಮಕ್ಕಳ ಜೀವದ ಮಾತು.

ವಾಹನದ ದಾಖಲೆಗಳು

ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರಕು ವಾಹನಕ್ಕೆ ಮೇಲ್ಛಾವಣಿ, ಅಡುಗೆಯ ಕಟ್ಟೆ, ಮಾರಾಟದ ಕಿಟಕಿ ಕೂಡಿಸುವ ಮುನ್ನ ಜಿಲ್ಲಾ ಸಾರಿಗೆ ಕಚೇರಿಯಲ್ಲಿ ಅನುಮತಿ ಕೇಳಬೇಕು. ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಂಚಾರಿ ಕ್ಯಾಂಟೀನನ್ನು ಸಾರಿಗೆ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಅದಕ್ಕೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ವಿಮೆಯಂತೂ ಎಲ್ಲ ವಾಹನಗಳಿಗೂ ಕಡ್ಡಾಯ.

ರಾಯಚೂರಿನ ಕೆಎ 36 ಸಂಖ್ಯೆಯ ವಾಹನಗಳನ್ನು ಕೊಂಡು ತಂದವರು ಇನ್ನೊಂದು ನಿಯಮವನ್ನು ನೆನಪಿಡಬೇಕು. ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರಿಸಿಕೊಂಡರೆ ತೆಲಂಗಾಣದ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಲೇಬೇಕು. ಕೃಷ್ಣಾ ನದಿಯ ಆಚೆಗಿರುವುದು ನಮ್ಮ ಬಂಧುಗಳ ಊರಾದರೂ ವಾಹನದ ಮಟ್ಟಿಗೆ ಅದು ಪರರಾಜ್ಯವೇ.

ನಿಲುಗಡೆ

ಮೋಟಾರು ವಾಹನವನ್ನು ನಿಲ್ಲಿಸುವ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಗದಿಪಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ನಿಲುಗಡೆ ನಿಷಿದ್ಧವಾದ ಸ್ಥಳದಲ್ಲಿ ನಿಂತ ವಾಹನವನ್ನೂ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನೂ ಪೊಲೀಸರು ಎಳೆದೊಯ್ಯಬಹುದು. ರಾತ್ರಿ ವ್ಯಾಪಾರ ಮುಗಿದ ಬಳಿಕ ಬಂಡಿಯನ್ನು ಬೀದಿಯಲ್ಲಿಯೇ ಬಿಟ್ಟು ಊರಿಗೆ ಹೋಗುವವರು ಇದನ್ನು ತಿಳಿದಿರಬೇಕು. ಪಾದಚಾರಿ ಮಾರ್ಗ, ರಸ್ತೆಯ ತಿರುವು, ಕೂಡುರಸ್ತೆಯ ಅಂಚು, ಬಸ್ ನಿಲ್ಲುವ ಜಾಗ, ಆಸ್ಪತ್ರೆ ಮತ್ತು ಶಾಲೆಗಳ ಬಾಗಿಲು, ಇಲ್ಲೆಲ್ಲ ನಿಲ್ಲಿಸಲಾಗದು.

ಕೆಲವು ನೆಲಗಳ ಒಡೆತನವೇ ಬೇರೆ. ಮಹಬೂಬ್‌ನಗರದಿಂದ ಮಕ್ತಲ್, ಕೃಷ್ಣಾ ಮಾರ್ಗವಾಗಿ ರಾಯಚೂರಿಗೆ ಹೋಗುವ ರಸ್ತೆಯು 167ನೆಯ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯ ಭೂಮಿಯನ್ನು ಅನುಮತಿಯಿಲ್ಲದೆ ಆಕ್ರಮಿಸುವುದನ್ನು 2002ರ ಪ್ರತ್ಯೇಕ ಕಾಯಿದೆಯೊಂದು ನಿಷೇಧಿಸುತ್ತದೆ. ಕೃಷ್ಣಾ ರೈಲು ನಿಲ್ದಾಣದ ಆವರಣದಲ್ಲಿ ಮಾರಲು ರೈಲ್ವೆಯ ಪರವಾನಗಿ ಬೇಕು. ಬಸ್ ನಿಲ್ದಾಣದ ಆವರಣ ಸಾರಿಗೆ ಸಂಸ್ಥೆಗೆ ಸೇರಿದುದು. ಈ ಸ್ಥಳಗಳಲ್ಲಿ ಪುರಸಭೆಯ ಪ್ರಮಾಣಪತ್ರವೊಂದನ್ನೇ ತೋರಿಸಿದರೆ ಸಾಲದು. ಖಾಸಗಿ ಜಾಗದಲ್ಲಿ ನಿಲ್ಲಿಸುವುದಾದರೆ ಒಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ವ್ಯಾಪಾರ ಪರವಾನಗಿಯ ಬಗ್ಗೆ ಪುರಸಭೆಯಲ್ಲಿ ವಿಚಾರಿಸಬೇಕು.

ಶಿಕ್ಷಕರಾಗಿ ನಾವು ಮರೆಮಾಚಬಾರದ ಮಾತೊಂದಿದೆ. 2020ರ ಶಾಲಾ ಆಹಾರ ನಿಯಮಾವಳಿಯಂತೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ. ಬಜ್ಜಿಯ ಬಂಡಿ ನಮ್ಮ ವಿದ್ಯಾರ್ಥಿಯ ತಂದೆಯದೇ ಆದರೂ ಶಾಲೆಯ ಎದುರು ಅದಕ್ಕೆ ಜಾಗವಿಲ್ಲ.

ತೆರವಿನ ನೋಟಿಸು ಬಂದಾಗ

ಕಾನೂನು ಬರಿಯ ನಿರ್ಬಂಧಗಳನ್ನಷ್ಟೇ ಹೇಳುವುದಿಲ್ಲ. ಸಮೀಕ್ಷೆ ಮುಗಿದು ಎಲ್ಲ ವ್ಯಾಪಾರಿಗಳಿಗೂ ಪ್ರಮಾಣಪತ್ರ ನೀಡುವವರೆಗೆ, ಇರುವ ಬೀದಿ ವ್ಯಾಪಾರಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ಸ್ಥಳಾಂತರ ಅಥವಾ ತೆರವಿಗೆ 30 ದಿನಗಳ ನೋಟಿಸು ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಗೆ ನೀಡಬೇಕು. ವ್ಯಾಪಾರಿ ಕೇಳಿದಾಗ ಕೆಡುವ ಪದಾರ್ಥಗಳನ್ನು ಅದೇ ದಿನ, ಕೆಡದ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಜನದಟ್ಟಣೆಯೊಂದನ್ನೇ ಕಾರಣವಾಗಿಸಿ ಒಂದು ಪ್ರದೇಶವನ್ನು ವ್ಯಾಪಾರ ನಿಷೇಧ ವಲಯವೆಂದು ಘೋಷಿಸಲಾಗದು. ಆದರೆ ಈ ರಕ್ಷಣೆಗಳು ಬೀದಿ ವ್ಯಾಪಾರಿಗೆ ಸೇರಿದವು. ಸಂಚಾರ ನಿಯಮ ಮುರಿದು ನಿಂತ ವಾಹನಕ್ಕೆ ಅವು ಕವಚವಾಗುತ್ತವೆಂದು ಭಾವಿಸುವುದು ಅಪಾಯಕರ. ಬಂಡಿಯಿಂದ ವಾಹನಕ್ಕೆ ಬಡ್ತಿ ಪಡೆಯುವವರು ಸಾಲ ಮಾಡುವ ಮುನ್ನವೇ ಯೋಚಿಸಬೇಕಾದ ಸಂಗತಿ ಇದು. ಮೊದಲು ಜಾಗ, ಆಮೇಲೆ ವಾಹನ.

ನಮ್ಮ ಭಾಷೆಯಲ್ಲಿ ಅರ್ಜಿ

ಸಂವಿಧಾನದ 350ನೆಯ ವಿಧಿಯು ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣದಿಂದ ತಿರಸ್ಕರಿಸುವಂತಿಲ್ಲ. ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದ್ದರಿಂದ ಒಂದು ತೆಲುಗು ಪ್ರತಿಯನ್ನು ಜೊತೆಗಿರಿಸುವುದು ವಿವೇಕ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕಿಂತ ಹೆಚ್ಚಿರುವ ಪ್ರದೇಶಗಳಲ್ಲಿ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅವರ ಭಾಷೆಯಲ್ಲಿ ಪ್ರಕಟಿಸಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿದ ರಕ್ಷಣಾಕ್ರಮಗಳಲ್ಲೊಂದು. ಕನ್ನಡಿಗರು ಅಷ್ಟಿರುವ ಮಂಡಲಗಳಲ್ಲಿ ಸಮೀಕ್ಷೆಯ ಪ್ರಕಟಣೆ ಮತ್ತು ತೆರವಿನ ನೋಟಿಸುಗಳು ಕನ್ನಡದಲ್ಲಿಯೂ ಬರಬೇಕೆಂದು ನಾವು ಒಟ್ಟಾಗಿ ಕೇಳುವುದು ಯಾರ ವಿರುದ್ಧವೂ ಅಲ್ಲ. ಓದಲಾಗದ ನೋಟಿಸಿನ ಮೂವತ್ತು ದಿನ, ಓದಬಲ್ಲವರ ಮೂವತ್ತು ದಿನಕ್ಕೆ ಸಮನಲ್ಲ.

ಆ ತಂದೆಯ ಮನವಿಯನ್ನು ನಾವು ಕನ್ನಡದಲ್ಲಿ ಬರೆದು, ತೆಲುಗು ಪ್ರತಿಯೊಂದಿಗೆ, ರಸೀದಿಗಳ ನಕಲುಗಳನ್ನು ಲಗತ್ತಿಸಿ ಸಲ್ಲಿಸಿದೆವು. ಸ್ವೀಕೃತಿಯ ಮೊಹರು ಬಿದ್ದಿದೆ. ತೆರವು ಸದ್ಯಕ್ಕೆ ನಿಂತಿದೆ. ಸ್ಥಳ ಇನ್ನೂ ನಿಗದಿಯಾಗಿಲ್ಲ. ವಾಹನ ಮನೆಯ ಮುಂದೆ ನಿಂತಿದ್ದು, ಅವರು ಮರಳಿ ತಳ್ಳುಗಾಡಿಯಲ್ಲಿಯೇ ಮಾರುತ್ತಿದ್ದಾರೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇದೆ. ಇಂಥ ನೋಟಿಸು ನಿಮ್ಮ ಮನೆಗೆ ಬಂದಿದ್ದರೆ ಡಬ್ಬಿಯ ಕೆಳಗೆ ಇಡಬೇಡಿ. ಅದೇ ದಿನ ಹತ್ತಿರದ ಕನ್ನಡ ಶಾಲೆಗೆ ತನ್ನಿ. ಓದಿ ಹೇಳುವವರು ಅಲ್ಲಿದ್ದಾರೆ.