ಮಗನ ತಲೆಗೆ ‘ಹೆಬ್ಬುಲಿ ಕಟಿಂಗ್’: ಶಾಲೆಗೇಕೆ ಸಿಟ್ಟು, ಕಟಿಂಗ್ ಶಾಪ್‌ನವರಿಗೇಕೆ ಪೇಚಾಟ?

ತುಮಕೂರು: ಭಾನುವಾರ ಸಂಜೆ ಕಟಿಂಗ್ ಶಾಪ್‌ನ ಕನ್ನಡಿ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡ್ಕೊಂಡು ಖುಷಿಯಾಗಿ ಎದ್ದ ಹುಡುಗ, ಸೋಮವಾರ ಬೆಳಗ್ಗೆ ಪ್ರಾರ್ಥನೆ ಸಾಲಿನಿಂದ ಹೊರಗೆ ತಲೆ ತಗ್ಗಿಸಿ ನಿಂತಿರ್ತಾನೆ. ಮಂಗಳವಾರ ಸರಿ ಮಾಡಿಸೋಣ ಅಂದ್ರೆ ಅವತ್ತು ಶಾಪ್‌ಗಳಿಗೆ ರಜೆ. ಬುಧವಾರ ಅಪ್ಪ ಅಂಗಡಿಗೆ ಬಂದು ‘ಯಾರ್ರೀ ನಿಮಗೆ ಹಿಂಗೆ ಮಾಡು ಅಂದಿದ್ದು’ ಅಂತ ಶುರು ಮಾಡ್ತಾರೆ. ಬಟವಾಡಿಯಲ್ಲಾಗಲಿ, ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರವಾಗಲಿ, ಕುಣಿಗಲ್‌ನಲ್ಲಾಗಲಿ, ಈ ಸೀನ್ ನೋಡದ ಕಟಿಂಗ್ ಶಾಪ್ ಸಿಗೋದು ಕಷ್ಟ.

ಹಾಗಾದ್ರೆ ಮಕ್ಕಳ ಕೂದಲಿನ ವಿಷಯದಲ್ಲಿ ಮಾತು ಯಾರದ್ದು ನಡೀಬೇಕು? ಮಗುವಿನದ್ದಾ, ಅಪ್ಪ-ಅಮ್ಮನದ್ದಾ, ಹೆಡ್‌ಮಾಸ್ಟರದ್ದಾ, ಕತ್ತರಿ ಹಿಡಿದವರದ್ದಾ? ಕಾನೂನಿನಲ್ಲಿ ಏನಿದೆ? ಬಿಡಿಸಿ ನೋಡೋಣ.

ಕುಲಹಳ್ಳಿಯಿಂದ ಬಂದ ಪತ್ರ

ಈ ಜಗಳ ರಾಜ್ಯಕ್ಕೆಲ್ಲ ಗೊತ್ತಾಗಿದ್ದು ಬಾಗಲಕೋಟೆ ಜಿಲ್ಲೆಯಿಂದ. ರಬಕವಿ-ಬನಹಟ್ಟಿ ತಾಲ್ಲೂಕಿನ ಕುಲಹಳ್ಳಿ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು 2023ರ ಜುಲೈನಲ್ಲಿ ಊರಿನ ಕ್ಷೌರಿಕರಿಗೆ ಒಂದು ಪತ್ರ ಬರೆದರು. ಮಕ್ಕಳಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ, ಓದಿಗಿಂತ ಕೂದಲಿನ ಮೇಲೇ ಗಮನ ಹೋಗ್ತಿದೆ, ನೀಟಾಗಿ ಕತ್ತರಿಸಿ ಕಳಿಸಿ ಅನ್ನೋದು ಅದರ ಸಾರ. ಪತ್ರದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡಿ, ಪೇಪರು ಟಿವಿಗೂ ಬಂತು. ಅರ್ಧ ಜನ ‘ಸರಿಯಾಗ್ ಬರೆದವ್ರೆ’ ಅಂದ್ರು, ಇನ್ನರ್ಧ ಜನ ನಕ್ಕರು.

ಹೆಬ್ಬುಲಿ ಅಂದ್ರೆ ಸುದೀಪ್ ಅಭಿನಯದ, ಎಸ್. ಕೃಷ್ಣ ನಿರ್ದೇಶನದ 2017ರ ಸಿನಿಮಾ. ಅದರಲ್ಲಿ ಸುದೀಪ್ ಅವರ ತಲೆಯ ಎರಡೂ ಪಕ್ಕ ಬೋಳಿಸಿದ ಹಾಗೆ ಸಣ್ಣಗೆ ಹೊಡೆದು, ಮೇಲಿನ ಕೂದಲು ಉದ್ದ ಬಿಟ್ಟಿತ್ತು. ಸಿನಿಮಾ ಥಿಯೇಟರ್‌ನಿಂದ ಹೋಗಿ ವರ್ಷಗಳಾದರೂ ಕಟಿಂಗ್ ಹೋಗಲಿಲ್ಲ. ಈಗ ಅದೇ ಹೆಸರಿನಡಿ ಫೇಡ್, ಸ್ಪೈಕ್, ಹಿಂದೆ ಬಾಲದ ಹಾಗೆ ಬಿಡೋದು, ಕಿವಿ ಮೇಲೆ ಬ್ಲೇಡಿನಲ್ಲಿ ಗೆರೆ ಎಳೆಸೋದು ಎಲ್ಲಾ ಸೇರಿಕೊಂಡಿದೆ. ಆರು ವರ್ಷದ ಹುಡುಗ ಕೂಡ ಮೊಬೈಲ್‌ನಲ್ಲಿ ಫೋಟೊ ತೋರಿಸಿ ‘ಅಣ್ಣ, ಹಿಂಗೇ ಬೇಕು’ ಅಂತಾನೆ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 2002ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ರೊನಾಲ್ಡೊ ತಲೆಯೆಲ್ಲ ಬೋಳಿಸಿ ಹಣೆ ಮೇಲೆ ಮಾತ್ರ ತ್ರಿಕೋನದಷ್ಟು ಕೂದಲು ಬಿಟ್ಟುಕೊಂಡು ಆಡಿದರು. ಫೈನಲ್‌ನಲ್ಲಿ ಜರ್ಮನಿ ವಿರುದ್ಧದ ಎರಡೂ ಗೋಲು ಅವರದ್ದೇ. ಮಕ್ಕಳೆಲ್ಲ ಹಾಗೇ ಮಾಡಿಸಿಕೊಂಡರು. ಕಾಲಿನ ಗಾಯದ ಬಗ್ಗೆಯೇ ಪತ್ರಕರ್ತರು ಕೇಳ್ತಿದ್ದರಂತೆ, ಮಾತು ಬೇರೆ ಕಡೆ ತಿರುಗಲಿ ಅಂತ ಹಾಗೆ ಮಾಡಿಸಿದ್ದಾಗಿ ರೊನಾಲ್ಡೊ ಆಮೇಲೆ ಹೇಳಿಕೊಂಡರು, ತಾಯಂದಿರ ಕ್ಷಮೆಯನ್ನೂ ಕೇಳಿದರು.

ಜುಟ್ಟು ಹೋಗಿ ಕ್ರಾಪು ಬಂದಾಗ

ಈಗ ‘ನೀಟ್ ಕಟಿಂಗ್’ ಅಂತ ಯಾವುದನ್ನು ಕರೀತೀವೋ, ಅದೇ ಒಂದು ಕಾಲದಲ್ಲಿ ಕೆಟ್ಟ ಹುಡುಗರ ಲಕ್ಷಣ ಆಗಿತ್ತು. ನೂರು ವರ್ಷದ ಹಿಂದೆ ಹಳೆ ಮೈಸೂರು ಸೀಮೆಯಲ್ಲಿ ಗಂಡುಮಕ್ಕಳಿಗೆ ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡೋದು ಅನೇಕ ಮನೆಗಳ ರೂಢಿ. ಪೇಟೆಗೆ ಓದಕ್ಕೆ ಹೋದ ಹುಡುಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದರೆ ಮನೆಯಲ್ಲಿ ರಣರಂಗ. ಜಾತಿ ಕೆಡಿಸಿದ, ಕುಲ ಕೆಡಿಸಿದ ಅನ್ನೋ ಮಾತು. ಅಂಥ ಹುಡುಗರ ಮೊಮ್ಮಕ್ಕಳು ಇವತ್ತು ಅಜ್ಜ-ತಾತ ಆಗಿ, ಮೊಮ್ಮಗನ ಹೆಬ್ಬುಲಿ ನೋಡಿ ಹಲ್ಲು ಕಡೀತಾರೆ. ಇನ್ನೊಂದು ತಮಾಷೆ ಅಂದ್ರೆ, ಸುತ್ತ ಬೋಳಿಸಿ ಒಂದು ಕಡೆ ಮಾತ್ರ ಉದ್ದ ಬಿಡೋ ಈ ಹೊಸ ಸ್ಟೈಲು ಕ್ರಾಪಿಗಿಂತ ಹಳೇ ಜುಟ್ಟಿಗೇ ಹತ್ತಿರ.

ಹರಕೆ ಕೂದಲನ್ನೇ ನೋಡಿ. ತಿರುಪತಿಗೋ ಮಲೆ ಮಹದೇಶ್ವರನ ಬೆಟ್ಟಕ್ಕೋ ಮುಡಿ ಕೊಡ್ತೀವಿ ಅಂತ ಹೇಳಿಕೊಂಡಿದ್ದರೆ ನಾಲ್ಕು ವರ್ಷದ ಗಂಡು ಮಗುವಿಗೂ ಎರಡು ಜಡೆ ಹಾಕಿ ಹೂ ಮುಡಿಸಿರ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ‘ಯಾವ ದೇವ್ರಿಗೆ ಮಗಾ’ ಅಂತ ಪ್ರೀತಿಯಿಂದ ಕೇಳ್ತಾರೆ. ಅದೇ ಹುಡುಗ ಹದಿನಾಲ್ಕು ವರ್ಷಕ್ಕೆ ಕುತ್ತಿಗೆ ಮುಟ್ಟೋ ಹಾಗೆ ಕೂದಲು ಬಿಟ್ಟರೆ ‘ಪುಡಿ ರೌಡಿ’. ಅಷ್ಟೇ ಉದ್ದದ ಕೂದಲು, ಹೆಸರು ಮಾತ್ರ ಬೇರೆ. 1884ರಲ್ಲಿ ಶುರುವಾದ ನಮ್ಮ ಗುಬ್ಬಿ ನಾಟಕ ಕಂಪನಿಯಲ್ಲೂ ಮೊದಮೊದಲು ಹೆಂಗಸರ ಪಾತ್ರ ಮಾಡ್ತಿದ್ದವರು ಗಂಡಸರೇ. ಗಂಡಸಿನ ತಲೆಯಲ್ಲಿ ಜಡೆ ನೋಡಿ ಜನ ದುಡ್ಡು ಕೊಟ್ಟು ಚಪ್ಪಾಳೆ ತಟ್ಟಿದ್ದಾರೆ.

ಹೆಣ್ಣುಮಕ್ಕಳ ಕಥೆ ಇನ್ನೂ ಬಿಗಿ. ಬಾಯ್ ಕಟ್ ಮಾಡಿಸಿದ ಹುಡುಗಿಗೆ ‘ಗಂಡುಬೀರಿ’ ಅನ್ನೋ ಬಿರುದು ಇವತ್ತಿಗೂ ಸಿಗುತ್ತೆ. ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಂಗಸಿನ ತಲೆ ಬೋಳಿಸ್ತಿದ್ದದ್ದು ತೀರಾ ಹಳೇ ಮಾತೇನಲ್ಲ. ಉತ್ತರ ಕರ್ನಾಟಕದ ಕಡೆ ಹೆಣ್ಣುಮಗುವಿನ ಕೂದಲು ಗಂಟುಕಟ್ಟಿ ಜಡೆಯಾದರೆ ಎಲ್ಲಮ್ಮ ಕರೆದಳು ಅಂತ ಹೇಳಿ ಮುತ್ತು ಕಟ್ಟಿಸಿದ ಉದಾಹರಣೆಗಳಿವೆ. ಎಣ್ಣೆ ಬಾಚಣಿಗೆ ಕಾಣದ ಕೂದಲು ಗಂಟಾಗೋದು ಸಹಜ. ಆ ಗಂಟನ್ನು ನೋಡಿ ಒಂದು ಮಗುವಿನ ಇಡೀ ಜೀವನ ತೀರ್ಮಾನ ಮಾಡಿಬಿಡ್ತಿದ್ದರು. ದೇವದಾಸಿ ಬಿಡೋದನ್ನು ನಿಷೇಧಿಸಿ ರಾಜ್ಯ ಕಾಯ್ದೆ ತಂದಿದ್ದು 1982ರಲ್ಲಿ.

ಶಾಲೆಗೆ ಎಷ್ಟು ಅಧಿಕಾರ?

ರಾಜ್ಯದಲ್ಲಿ ಸಮವಸ್ತ್ರದ ಬಗ್ಗೆ 1995ರ ನಿಯಮ ಇದೆ. ಶಾಲೆ ತನ್ನ ಸಮವಸ್ತ್ರ ಯಾವುದು ಅಂತ ಗೊತ್ತು ಮಾಡಬಹುದು, ಒಮ್ಮೆ ಮಾಡಿದರೆ ಐದು ವರ್ಷ ಬದಲಾಯಿಸೋ ಹಾಗಿಲ್ಲ ಅನ್ನುತ್ತೆ. ಅದರಲ್ಲಿರೋದು ಬಟ್ಟೆಯ ಮಾತು. ಕೂದಲಿನ ಅಳತೆ ಅನ್ನೋದು ಹೆಚ್ಚಿನಂಶ ಆಯಾ ಶಾಲೆಯ ಶಿಸ್ತಿನ ವಿಷಯ. ಖಾಸಗಿ ಶಾಲೆಗಳು ಅಡ್ಮಿಷನ್ ಟೈಮಲ್ಲೇ ಕೈಪಿಡಿಯಲ್ಲಿ ಬರೆದು ಪೋಷಕರ ಸಹಿ ಹಾಕಿಸಿಕೊಂಡಿರ್ತವೆ. ನಾವು ಓದದೆ ಸಹಿ ಹಾಕಿರ್ತೀವಿ, ಅದು ಬೇರೆ ಮಾತು.

ಶಿಸ್ತು ಕೇಳೋದು ತಪ್ಪಲ್ಲ. ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಹತ್ತು ಮಕ್ಕಳು ಕೂದಲು ನೇವರಿಸಿಕೊಂಡು ಕೂತರೆ ಪಾಠ ಮಾಡೋರ ಕಷ್ಟ ಮಾಡೋರಿಗೇ ಗೊತ್ತು. ಒಬ್ಬರ ತಲೆಗೆ ಮುನ್ನೂರು ನಾನೂರು ಕೊಟ್ಟು ಮಾಡಿಸೋ ಸ್ಟೈಲು ಪಕ್ಕದ ಹುಡುಗನ ಮನೆಯಲ್ಲಿ ಜಗಳ ತರುತ್ತೆ ಅನ್ನೋದೂ ನಿಜ. ಹೇಳಬೇಕಾದ್ದನ್ನು ಪೋಷಕರನ್ನು ಕರೆಸಿ ಹೇಳಬಹುದು, ಡೈರಿಯಲ್ಲಿ ಬರೆಯಬಹುದು.

ಆದರೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ನಿಲ್ಲಿಸಿ ಅಡ್ಡಾದಿಡ್ಡಿ ಕತ್ತರಿ ಹಾಕೋದು, ತಲೆ ಮಧ್ಯೆ ಟ್ರಿಮ್ಮರ್ ಓಡಿಸಿ ‘ಈಗ ಹೋಗಿ ಬೋಳಿಸ್ಕೊಂಡ್ ಬಾ’ ಅನ್ನೋದು ಶಿಸ್ತಿನ ಲೆಕ್ಕಕ್ಕೆ ಬರಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಎರಡನ್ನೂ ನಿಷೇಧಿಸುತ್ತೆ. ಮಾಡಿದವರ ಮೇಲೆ ಸೇವಾ ನಿಯಮದಡಿ ಶಿಸ್ತು ಕ್ರಮ ಆಗಬೇಕು ಅಂತಲೂ ಅದೇ ಸೆಕ್ಷನ್‌ನಲ್ಲಿದೆ. ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಅದಕ್ಕಿಂತ ದೊಡ್ಡವರಿಗೂ 18 ತುಂಬೋವರೆಗೆ 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆ ಇದೆ. ಅದರ 75ನೇ ಸೆಕ್ಷನ್ ಮಕ್ಕಳ ಮೇಲಿನ ಕ್ರೌರ್ಯದ ಬಗ್ಗೆಯೇ ಇರೋದು.

ಅಂಥದ್ದೇನಾದರೂ ಆದರೆ ಮೊದಲು ಶಾಲೆಯ ಎಸ್‌ಡಿಎಂಸಿ, ಆಮೇಲೆ ತಾಲ್ಲೂಕಿನ ಬಿಇಒ ಕಚೇರಿ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತುಮಕೂರು ಡಿಡಿಪಿಐ ವ್ಯಾಪ್ತಿಗೇ ಬರೋದು, ಮಧುಗಿರಿ ಶೈಕ್ಷಣಿಕ ಜಿಲ್ಲೆಗಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಮಗುವೇ ಮಾಡಿದರೂ ತಗೋತಾರೆ.

ಕತ್ತರಿ ಹಿಡಿದವರ ಕಷ್ಟ

ಕುಲಹಳ್ಳಿ ಪತ್ರದ ವಿಷಯದಲ್ಲಿ ಹೆಚ್ಚು ಜನ ಯೋಚನೆ ಮಾಡದ ಸಂಗತಿ ಒಂದಿದೆ. ಮಕ್ಕಳ ಶಿಸ್ತಿನ ಜವಾಬ್ದಾರಿ ಶಾಲೆ ಮತ್ತು ಮನೆಯದ್ದು. ಪತ್ರ ಹೋಗಿದ್ದು ಅಂಗಡಿಗೆ. ಶಾಪ್‌ನವರು ಮಾಡಲ್ಲ ಅಂದ್ರೆ ಹುಡುಗ ಪಕ್ಕದ ಬೀದಿಗೆ ಹೋಗ್ತಾನೆ, ಗಿರಾಕಿ ಹೋಯ್ತು. ಮಾಡಿದ್ರೆ ಹೆಡ್‌ಮಾಸ್ಟರ್ ಬೈತಾರೆ. ಕಾನೂನು ಪ್ರಕಾರ ಇಂಥ ಪತ್ರ ಒಂದು ವಿನಂತಿ, ಅಷ್ಟೇ. ಪಾಲಿಸಲಿಲ್ಲ ಅಂತ ಯಾರೂ ದಂಡ ಹಾಕಕ್ಕೆ ಬರಲ್ಲ. ಒಬ್ಬನೇ ಬರೋ ಸ್ಕೂಲ್ ಹುಡುಗನಿಗೆ ಗೆರೆ, ಫೇಡ್ ಮಾಡೋ ಮೊದಲು ಮನೆಗೊಂದು ಫೋನ್ ಮಾಡಿಸಿಬಿಡೋದು ಶಾಪ್‌ನವರಿಗೇ ಒಳ್ಳೇದು, ಬುಧವಾರದ ಜಗಳ ಉಳಿಯುತ್ತೆ.

ಸ್ಟೈಲ್ ಮಾಡಲ್ಲ ಅಂತ ಹೇಳೋ ಹಕ್ಕು ಅಂಗಡಿಯವರಿಗಿದೆ. ಆದರೆ ಜಾತಿ ನೋಡಿ ಕುರ್ಚಿ ಮೇಲೆ ಕೂರಿಸಲ್ಲ ಅನ್ನೋದು ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ ಕನಿಷ್ಠ ಒಂದು ತಿಂಗಳು, ಗರಿಷ್ಠ ಆರು ತಿಂಗಳು ಜೈಲು, ಜೊತೆಗೆ ದಂಡ. ಇದು ಪುಸ್ತಕದಲ್ಲಿ ಮಾತ್ರ ಇರೋ ವಿಷಯ ಅಂತ ಅನ್ನಿಸಬಹುದು. ಆದರೆ 2025ರಲ್ಲಿ ಕೊಪ್ಪಳ ತಾಲ್ಲೂಕಿನ ಮುದ್ದಾಬಳ್ಳಿಯಲ್ಲಿ ದಲಿತರಿಗೆ ಕಟಿಂಗ್ ಮಾಡಬೇಕಾಗುತ್ತೆ ಅಂತ ಶಾಪ್‌ಗಳ ಬಾಗಿಲನ್ನೇ ಹಾಕಿದ್ದು ಸುದ್ದಿಯಾಗಿತ್ತು. ಅದೇ ವರ್ಷ ತೆರೆ ಕಂಡ, ಭೀಮರಾವ್ ನಿರ್ದೇಶನದ ‘ಹೆಬ್ಬುಲಿ ಕಟ್’ ಸಿನಿಮಾದ ಕಥೆಯೂ ಇದರ ಸುತ್ತಲೇ ಇದೆ. ಹೀರೊ ಥರ ಕಟಿಂಗ್ ಬೇಕು ಅಂತ ಆಸೆಪಡೋ ಹುಡುಗನಿಗೆ ಅಡ್ಡ ಬರೋದು ಜಾತಿ. ಒಂದು ಕಡೆ ಸ್ಟೈಲ್ ಮಾಡಿಸಿದ್ದಕ್ಕೆ ಬೈಸಿಕೊಳ್ಳೋ ಹುಡುಗ, ಇನ್ನೊಂದು ಕಡೆ ಯಾವ ಕಟಿಂಗೂ ಸಿಗದ ಹುಡುಗ. ಇಬ್ಬರೂ ಒಂದೇ ರಾಜ್ಯದವರು.

ನೋಡಿದ ತಕ್ಷಣ ತೀರ್ಮಾನ

ಮುಖ ನೋಡಿ ಮನುಷ್ಯನನ್ನು ಅಳೆಯೋಕೆ ಎಷ್ಟು ಹೊತ್ತು ಬೇಕು? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮುಖದ ಫೋಟೊ ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ಇವನನ್ನು ನಂಬಬಹುದು ನಂಬಬಾರದು ಅಂತ ಜನ ತೀರ್ಮಾನ ಮಾಡಿಬಿಡ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ನೋಡಕ್ಕೆ ಬಿಟ್ಟರೆ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ತಾವು ಅಂದುಕೊಂಡಿದ್ದೇ ಸರಿ ಅನ್ನೋ ಧೈರ್ಯ ಮಾತ್ರ ಜಾಸ್ತಿ ಆಯ್ತು.

ಅಂಗಡಿ ಗಲ್ಲಾ ಮೇಲೆ ಕೂತವರಿಗೆ ಇದು ಚೆನ್ನಾಗಿ ಗೊತ್ತಿರೋ ವಿಷಯ. ಕೂದಲಿಗೆ ಕೆಂಚು ಬಣ್ಣ ಹಾಕಿದ ಮೂರು ಹುಡುಗರು ಒಟ್ಟಿಗೆ ಒಳಗೆ ಬಂದರೆ ಕಣ್ಣು ತಾನಾಗೇ ಅವರ ಕೈ ಮೇಲೆ ಹೋಗುತ್ತೆ. ರೌಡಿ ಪರೇಡ್‌ನಲ್ಲಿ ಉದ್ದ ಕೂದಲಿನವರನ್ನು ಪೊಲೀಸರು ತರಾಟೆಗೆ ತಗೊಳ್ಳೋ ವಿಡಿಯೊ ನೋಡಿ ನೋಡಿ ಕಣ್ಣಿಗೆ ಅದೇ ಅಭ್ಯಾಸ ಆಗಿದೆ. ಮೋಸದ ಚೀಟಿ ನಡೆಸಿ ರಾತ್ರೋರಾತ್ರಿ ಊರು ಬಿಟ್ಟವರ ಕ್ರಾಪು ಹೆಂಗಿತ್ತು ಅಂತ ಯಾರೂ ನೆನಪಿಟ್ಟುಕೊಳ್ಳಲ್ಲ. ಯಾಕಂದ್ರೆ ಅದು ನೀಟಾಗೇ ಇರುತ್ತೆ.

ಬೇರೆ ದೇಶದಲ್ಲಿ ಇದು ಕೋರ್ಟಿಗೂ ಹೋಗಿದೆ. ಕಪ್ಪು ಜನರ ಗುಂಗುರು ಕೂದಲು, ಹೆಣೆದ ಜಡೆ ನೋಡಿ ಶಾಲೆ, ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿತು. ಟೆಕ್ಸಾಸ್‌ನಲ್ಲೂ ಅಂಥದ್ದೇ ಕಾನೂನು ಬಂತು. ಆದರೂ ಅಲ್ಲಿನ ಒಬ್ಬ ಹೈಸ್ಕೂಲ್ ಹುಡುಗನನ್ನು ಕೂದಲು ಉದ್ದ ಅಂತ ತಿಂಗಳುಗಟ್ಟಲೆ ಕ್ಲಾಸಿನಿಂದ ಹೊರಗಿಟ್ಟರು. 2024ರಲ್ಲಿ ಅಲ್ಲಿನ ಜಡ್ಜ್ ಶಾಲೆಯ ನಿಯಮ ಸರಿ ಅಂದರು.

ಕೆಲವು ಮಕ್ಕಳ ತಲೆ ಅವರ ಇಷ್ಟದಿಂದ ಹಾಗಾಗಿರಲ್ಲ ಅನ್ನೋದನ್ನೂ ಗಮನಿಸಬೇಕು. ಹುಳುಕಡ್ಡಿಯಿಂದ ದುಂಡಗೆ ಕೂದಲು ಉದುರಿರಬಹುದು, ಕ್ಯಾನ್ಸರ್ ಔಷಧಿಯಿಂದ ತಲೆ ಪೂರ್ತಿ ಬೋಳಾಗಿರಬಹುದು, ಮನೆಯಲ್ಲಿ ಸೂತಕ ಆಗಿರಬಹುದು. ಅಂಥ ಮಗುವನ್ನೂ ‘ಏನೋ ಇದು ಹೊಸ ಸ್ಟೈಲು’ ಅಂತ ರೇಗಿಸೋರು ಇದ್ದಾರೆ.

ಮಾಡಿಸೋದೇ ಆದರೆ

ತಲೆ ಮೇಲೆ ಗೆರೆ ಎಳೆಸೋದಾದರೆ ಹೊಸ ಬ್ಲೇಡ್ ಹಾಕಿಸಿ, ಕಣ್ಣೆದುರೇ ಹಾಕಿಸಿ. ಚರ್ಮ ಗೀರಿದರೆ ಇನ್ನೊಬ್ಬರ ರಕ್ತದಿಂದ ಹೆಪಟೈಟಿಸ್‌ನಂಥ ಸೋಂಕು ದಾಟುತ್ತೆ. ಹುಳುಕಡ್ಡಿ ಬಾಚಣಿಗೆ, ಟವೆಲ್, ಟ್ರಿಮ್ಮರ್‌ನಿಂದಲೂ ಅಂಟುತ್ತೆ. ಮಕ್ಕಳಿಗೆ ಬಣ್ಣ ಬೇಡವೇ ಬೇಡ. ಕಪ್ಪು ಹೇರ್ ಡೈನಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕಕ್ಕೆ ಕೆಲವರಿಗೆ ಮುಖವೆಲ್ಲ ಊದಿಕೊಳ್ಳೋ ಅಲರ್ಜಿ ಆಗುತ್ತೆ. ಮೊದಲು ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ ಅಂತ ಪ್ಯಾಕೆಟ್ ಮೇಲೇ ಬರೆದಿರುತ್ತೆ, ಸಣ್ಣ ಅಕ್ಷರದಲ್ಲಿ.

ಕೂದಲು ಬೆಳೆಯೋದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಟ್ರಿಮ್ಮರ್‌ಗೆ ಹಾಕೋ ಒಂದನೇ ನಂಬರ್ ಕ್ಲಿಪ್ ಮೂರು ಮಿಲಿಮೀಟರ್ ಬಿಡುತ್ತೆ, ಎರಡನೇದು ಆರು. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಅಂತ ಇಟ್ಟುಕೊಂಡರೆ, ರಜೆ ಶುರುವಾದ ವಾರವೇ ಹೆಬ್ಬುಲಿ ಮಾಡಿಸಿದ ಹುಡುಗನ ಪಕ್ಕದ ಕೂದಲು ಶಾಲೆ ಬಾಗಿಲು ತೆಗೆಯೋ ಹೊತ್ತಿಗೆ ಒಂದೂವರೆ ಸೆಂಟಿಮೀಟರ್ ಆಗಿರುತ್ತೆ. ಮೇಲಿನದ್ದನ್ನು ಸ್ವಲ್ಪ ಸಮ ಮಾಡಿಸಿದರೆ ಆಯ್ತು. ದಸರಾ ರಜೆಯಲ್ಲಿ ಅಷ್ಟು ಟೈಮ್ ಸಿಗಲ್ಲ.